ಒಣಕಾಡಿನ ಮರದಲ್ಲಿ ಎಷ್ಟು ಇಂಗಾಲ? ಅಳೆಯುವುದು ಹೇಗೆ, ಲೆಕ್ಕ ತಪ್ಪುವುದು ಎಲ್ಲಿ?

ಭಾರತದ ಕಾಡುಗಳಲ್ಲಿ ಸುಮಾರು 728.5 ಕೋಟಿ ಟನ್ ಇಂಗಾಲ ಇದೆ. 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ 'ಭಾರತದ ಅರಣ್ಯ ಸ್ಥಿತಿ ವರದಿ 2023' ಕೊಟ್ಟ ಅಂಕಿ ಇದು. ಹಿಂದಿನ ವರದಿಗಿಂತ 8.15 ಕೋಟಿ ಟನ್ ಹೆಚ್ಚಾಗಿದೆ ಎಂದೂ ಅದರಲ್ಲಿದೆ. 2030ರೊಳಗೆ ಮರ ಮತ್ತು ಕಾಡುಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೆಚ್ಚುವರಿ ಸಂಗ್ರಹ ಮಾಡುತ್ತೇವೆ ಎಂದು ಭಾರತ ಜಗತ್ತಿಗೆ ಮಾತು ಕೊಟ್ಟಿದೆ. 2005ಕ್ಕೆ ಹೋಲಿಸಿದರೆ ಇದುವರೆಗೆ 229 ಕೋಟಿ ಟನ್ ಆಗಿದೆ ಎನ್ನುವುದು ಅದೇ ವರದಿಯ ಲೆಕ್ಕ.

ಇಷ್ಟು ದೊಡ್ಡ ಅಂಕಿ ಎಲ್ಲಿಂದ ಬಂತು? ಯಾರೂ ಕಾಡನ್ನು ತಕ್ಕಡಿಯಲ್ಲಿಟ್ಟು ತೂಗಿಲ್ಲ. ಉಪಗ್ರಹ ಚಿತ್ರ, ಕಂಪ್ಯೂಟರ್ ಎಲ್ಲವೂ ಇದೆ ನಿಜ. ಆದರೆ ಈ ಲೆಕ್ಕದ ಬುಡದಲ್ಲಿ ಇರುವುದು ಒಂದು ಟೇಪು. ಯಾರೋ ಒಬ್ಬರು ಕಾಡಿನೊಳಗೆ ಹೋಗಿ, ಮರವನ್ನು ತಬ್ಬಿ, ಅದರ ಸುತ್ತಳತೆ ಬರೆದುಕೊಂಡು ಬಂದಿರುತ್ತಾರೆ. ಆ ಒಂದು ಅಳತೆಯಿಂದ ಮರದ ತೂಕ, ತೂಕದಿಂದ ಇಂಗಾಲ, ಮರಗಳಿಂದ ಕಾಡು, ಕಾಡಿನಿಂದ ದೇಶ ಎಂದು ಲೆಕ್ಕ ಮೇಲಕ್ಕೆ ಏರುತ್ತದೆ. ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಸ್ವಲ್ಪ ತಪ್ಪು ಸೇರುತ್ತದೆ. ಮಳೆಕಾಡಿಗಿಂತ ಒಣಕಾಡಿನಲ್ಲಿ ಈ ತಪ್ಪಿಗೆ ದಾರಿಗಳು ಹೆಚ್ಚು.

ಒಣಕಾಡು ಅಂದರೆ ಯಾವುದು?

ವರ್ಷದಲ್ಲಿ ಹಲವು ತಿಂಗಳು ಮಳೆಯೇ ಇಲ್ಲದ, ಬೇಸಿಗೆಯಲ್ಲಿ ಹೆಚ್ಚಿನ ಮರಗಳು ಎಲೆ ಉದುರಿಸಿ ಬೋಳಾಗಿ ನಿಲ್ಲುವ ಉಷ್ಣವಲಯದ ಕಾಡು ಇದು. ಪುಸ್ತಕದ ಭಾಷೆಯಲ್ಲಿ ಶುಷ್ಕ ಪರ್ಣಪಾತಿ ಅರಣ್ಯ. ಭಾರತದ ಕಾಡುಗಳನ್ನು ವಿಂಗಡಿಸಿದ ಚಾಂಪಿಯನ್ ಮತ್ತು ಸೇಠ್ ಅವರ 1968ರ ಪಟ್ಟಿಯನ್ನೇ ಅರಣ್ಯ ಇಲಾಖೆಗಳು ಇಂದಿಗೂ ಬಳಸುತ್ತವೆ. ಬಂಡೀಪುರದ ಹೆಚ್ಚಿನ ಭಾಗ, ಮಹಾರಾಷ್ಟ್ರದ ಮೇಳಘಾಟ್ ಮತ್ತು ತಾಡೋಬಾ, ತೆಲಂಗಾಣ ಮತ್ತು ಆಂಧ್ರದ ನಲ್ಲಮಲ ಬೆಟ್ಟಗಳು ಈ ಗುಂಪಿಗೆ ಸೇರುತ್ತವೆ. ದೆಹಲಿಯಲ್ಲಿರುವವರಿಗೆ ಪರಿಚಿತವಾದ ರಿಡ್ಜ್ ಇನ್ನೂ ಒಣಗಿದ ಮುಳ್ಳುಕಾಡು. ಅಂದರೆ ಮುಂಬೈ, ಪುಣೆ, ಹೈದರಾಬಾದ್‌ನಿಂದ ರೈಲು ಹತ್ತಿ ಊರಿಗೆ ಬರುವ ಕನ್ನಡಿಗರು ಕಿಟಕಿಯಿಂದ ನೋಡುವ ಕಾಡುಗಳಲ್ಲಿ ಹೆಚ್ಚಿನವು ಇದೇ ಜಾತಿಯವು.

ನೋಡಲು ಅಷ್ಟೇನೂ ಗಮನ ಸೆಳೆಯದ ಕಾಡು. ಹಾಗಾಗಿಯೇ ಇದನ್ನು 'ಹಾಳುಬಿದ್ದ ಕಾಡು' ಎಂದು ಕರೆಯುವ ಅಭ್ಯಾಸ ಬೇಗ ಬರುತ್ತದೆ. ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2006ರ ತನ್ನ ಮಾರ್ಗಸೂಚಿಯಲ್ಲಿ ಏಷ್ಯಾ ಭೂಖಂಡದ ಒಣಕಾಡಿನಲ್ಲಿ ನೆಲದ ಮೇಲಿನ ಒಣತೂಕ ಹೆಕ್ಟೇರಿಗೆ ಸರಾಸರಿ 130 ಟನ್ ಎಂದು ಇಟ್ಟುಕೊಂಡಿದೆ. ಮಳೆಕಾಡಿಗೆ ಅದೇ ಪಟ್ಟಿಯಲ್ಲಿ 280 ಟನ್. ಅರ್ಧಕ್ಕಿಂತ ಕಡಿಮೆ ಎನ್ನುವುದು ನಿಜ. ಆದರೆ ಸ್ವಂತ ಅಳತೆ ಇಲ್ಲದ ದೇಶಗಳು ತಾತ್ಕಾಲಿಕವಾಗಿ ಬಳಸಲು ಕೊಟ್ಟ ಅಂಕಿ ಅದು. ಒಂದು ನಿರ್ದಿಷ್ಟ ಬೆಟ್ಟದಲ್ಲಿ, ಒಂದು ನಿರ್ದಿಷ್ಟ ಕಾಡಿನಲ್ಲಿ ಎಷ್ಟಿದೆ ಎಂದು ತಿಳಿಯಬೇಕಾದರೆ ಮರದ ಬುಡಕ್ಕೇ ಹೋಗಬೇಕು.

ಮುದುಮಲೆಯ 50 ಹೆಕ್ಟೇರ್

ಬಂಡೀಪುರದ ಗಡಿ ದಾಟಿದರೆ ತಮಿಳುನಾಡಿನ ಮುದುಮಲೆ. ಆನೆಗಳಿಗೆ ಈ ಗಡಿ ಗೊತ್ತಿಲ್ಲ, ಕಾಡಿಗೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ 1988ರಲ್ಲಿ ಇಲ್ಲಿ ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ ಜಾಗ ಗುರುತಿಸಿತು. ಆನೆಗಳ ಅಧ್ಯಯನದಿಂದ ಹೆಸರಾದ ಆರ್. ಸುಕುಮಾರ್ ಇದರ ಮುಂದಾಳು. 50 ಹೆಕ್ಟೇರಿನ ಆ ಚೌಕದಲ್ಲಿ ಎದೆಮಟ್ಟದಲ್ಲಿ 1 ಸೆಂಟಿಮೀಟರ್ ಅಥವಾ ಅದಕ್ಕಿಂತ ದಪ್ಪವಿರುವ ಪ್ರತಿಯೊಂದು ಮರ, ಗಿಡಕ್ಕೂ ನಂಬರ್ ಹಾಕಿ, ಜಾತಿ ಗುರುತಿಸಿ, ಅಳತೆ ಬರೆದರು.

ಮೊದಲ ಎಣಿಕೆಯಲ್ಲಿ ಸಿಕ್ಕಿದ್ದು ಸುಮಾರು 26 ಸಾವಿರ ಮರಗಿಡಗಳು, ಸುಮಾರು 70 ಜಾತಿ. ಪನಾಮಾ ದೇಶದ ಬ್ಯಾರೊ ಕೊಲರಾಡೊ ದ್ವೀಪದ ಮಳೆಕಾಡಿನಲ್ಲಿ ಇಷ್ಟೇ ಜಾಗದಲ್ಲಿ, ಇದೇ ವಿಧಾನದಲ್ಲಿ ಎಣಿಸಿದಾಗ 2 ಲಕ್ಷಕ್ಕೂ ಹೆಚ್ಚು ಸಿಕ್ಕಿದ್ದವು. ಮುದುಮಲೆಯಲ್ಲಿ ಹೆಕ್ಟೇರಿಗೆ ಲೆಕ್ಕ ಹಾಕಿದರೆ ಕಡ್ಡಿಯಂಥ ಸಸಿಗಳೂ ಸೇರಿ 520ರ ಆಸುಪಾಸು. ಈ 520 ಎನ್ನುವ ಸಂಖ್ಯೆ ನೆನಪಿರಲಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಇಲ್ಲಿ ಹೆಚ್ಚಾಗಿ ಇರುವುದು ನಂದಿ, ದಿಂಡಿಗ, ತೇಗ, ಮತ್ತಿ. ಕೆಳಗಿನ ಸ್ತರದಲ್ಲಿ ಕಕ್ಕೆ, ಕಾರೆ, ಬೆಂಡೆ ಮರ. ಯಾವ ಮರ ಸತ್ತಿತು, ಯಾವ ಸಸಿ ಹೊಸದಾಗಿ 1 ಸೆಂ.ಮೀ. ದಾಟಿತು ಎಂದು ಪ್ರತಿ ವರ್ಷ ನೋಡುತ್ತಾರೆ. ದಪ್ಪವನ್ನು ನಾಲ್ಕು ವರ್ಷಕ್ಕೊಮ್ಮೆ ಅಳೆಯುತ್ತಾರೆ. ಅದೇ ಮರ, ಅದೇ ಜಾಗ, ಮತ್ತೆ ಮತ್ತೆ. ಕೇಳಲು ಬೇಸರದ ಕೆಲಸ, ಆದರೆ ಇದಕ್ಕೆ ಬದಲಿ ಇನ್ನೂ ಸಿಕ್ಕಿಲ್ಲ.

ಟೇಪು ಎಲ್ಲಿ ಸುತ್ತಬೇಕು?

ಮರದ ದಪ್ಪವನ್ನು ಬುಡದಲ್ಲಿ ಅಳೆಯುವುದಿಲ್ಲ. ಬುಡ ಅಗಲವಾಗಿ ಹರಡಿಕೊಂಡಿರುತ್ತದೆ. ಹಾಗಾಗಿ ಎದೆಮಟ್ಟದಲ್ಲಿ ಅಳೆಯುವುದು ರೂಢಿ. ಎದೆಮಟ್ಟ ಎಂದರೆ ಎಷ್ಟು? ಅಂತಾರಾಷ್ಟ್ರೀಯ ವಿಜ್ಞಾನಿಗಳಿಗೆ ನೆಲದಿಂದ 1.3 ಮೀಟರ್. ಭಾರತದ ಅರಣ್ಯ ಇಲಾಖೆಗಳಿಗೆ 1.37 ಮೀಟರ್, ಅಂದರೆ ಬ್ರಿಟಿಷರ ಕಾಲದ ನಾಲ್ಕೂವರೆ ಅಡಿ. 7 ಸೆಂಟಿಮೀಟರ್ ವ್ಯತ್ಯಾಸ ದೊಡ್ಡದಲ್ಲ ಅನ್ನಿಸಬಹುದು. ಆದರೆ ಈ ಸಲ ಒಂದು ಕಡೆ, ಮುಂದಿನ ಸಲ ಇನ್ನೊಂದು ಕಡೆ ಸುತ್ತಿದರೆ ಬೆಳೆಯದ ಮರವೂ ಬೆಳೆದಂತೆ, ಬೆಳೆದ ಮರವೂ ಕುಗ್ಗಿದಂತೆ ಕಾಣುತ್ತದೆ. ಅದಕ್ಕೇ ಅಳೆದ ಜಾಗಕ್ಕೆ ಬಣ್ಣದ ಗೆರೆ ಹಾಕುವ ಪದ್ಧತಿ ಬಂದಿದೆ.

ಇಳಿಜಾರಿನಲ್ಲಿ ನಿಂತ ಮರವಾದರೆ ಮೇಲಿನ ಬದಿಯಿಂದ ಅಳೆಯಬೇಕು. ಆ ಮಟ್ಟದಲ್ಲಿ ಗಂಟಿದ್ದರೆ ಗಂಟು ಬಿಟ್ಟು ಸ್ವಲ್ಪ ಮೇಲೆ ಅಥವಾ ಕೆಳಗೆ. ಎದೆಮಟ್ಟಕ್ಕಿಂತ ಕೆಳಗೇ ಕಾಂಡ ಮೂರಾಗಿ ಸೀಳಿದ್ದರೆ ಮೂರನ್ನೂ ಬೇರೆ ಬೇರೆ ಅಳೆಯಬೇಕು. ಮಳೆಕಾಡಿನಲ್ಲಿ ಈ ಕೊನೆಯ ಸಮಸ್ಯೆ ಅಷ್ಟಾಗಿ ಕಾಡುವುದಿಲ್ಲ. ಒಣಕಾಡಿನಲ್ಲಿ ಬೆಂಕಿ ಬಿದ್ದು, ಆನೆ ಮುರಿದು, ಜನ ಕಡಿದು, ಬುಡದಿಂದ ಮತ್ತೆ ಚಿಗುರಿದ ಮರಗಳು ಎಲ್ಲೆಲ್ಲೂ ಇರುತ್ತವೆ. ಒಂದೇ ಬೇರಿನಿಂದ ನಾಲ್ಕೈದು ಕಾಂಡ. ಅವೆಲ್ಲ ಒಂದು ಮರವೋ, ಐದು ಮರವೋ?

ಇನ್ನೊಂದು ವಿಚಿತ್ರವಿದೆ. ಬೇಸಿಗೆಯಲ್ಲಿ ಮರ ಸ್ವಲ್ಪ ಕುಗ್ಗುತ್ತದೆ. ತೊಗಟೆ ಮತ್ತು ಕಾಂಡದಲ್ಲಿನ ನೀರು ಕಡಿಮೆಯಾಗಿ ಸುತ್ತಳತೆ ಇಳಿಯುತ್ತದೆ, ಮಳೆ ಬಿದ್ದೊಡನೆ ಹಿಗ್ಗುತ್ತದೆ. ಏಪ್ರಿಲ್‌ನಲ್ಲಿ ಅಳೆದು, ಮುಂದಿನ ಸಲ ಆಗಸ್ಟ್‌ನಲ್ಲಿ ಅಳೆದರೆ ನೀರನ್ನೇ ಮರದ ಬೆಳವಣಿಗೆ ಎಂದು ಬರೆದುಕೊಂಡಂತಾಗುತ್ತದೆ. ಬೆಳವಣಿಗೆಯನ್ನು ಸೂಕ್ಷ್ಮವಾಗಿ ನೋಡುವವರು ಕಾಂಡಕ್ಕೆ ಸ್ಪ್ರಿಂಗ್ ಇರುವ ಲೋಹದ ಪಟ್ಟಿಯನ್ನೇ ಕಾಯಂ ಆಗಿ ಕಟ್ಟಿಬಿಡುತ್ತಾರೆ.

ಅದೇ ಗಾತ್ರ, ಬೇರೆ ತೂಕ

ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ. ಅದರ ಜೊತೆ ಇನ್ನೆರಡು ಸಂಗತಿ ಬೇಕು: ಮರದ ಎತ್ತರ ಮತ್ತು ಮರದ ಸಾಂದ್ರತೆ. ಸಾಂದ್ರತೆ ಎಂದರೆ ಒಂದು ಘನ ಸೆಂಟಿಮೀಟರ್ ಹಸಿಮರವನ್ನು ಪೂರ್ತಿ ಒಣಗಿಸಿದಾಗ ಉಳಿಯುವ ತೂಕ. ಪೆನ್ಸಿಲ್ ದಪ್ಪದ ತುಂಡನ್ನು ಕಾಂಡದಿಂದ ಕೊರೆದು ತೆಗೆದು, 100 ಡಿಗ್ರಿ ಸೆಲ್ಸಿಯಸ್‌ಗಿಂತ ಸ್ವಲ್ಪ ಹೆಚ್ಚಿನ ಬಿಸಿಯ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಇದನ್ನು ಕಂಡುಹಿಡಿಯುತ್ತಾರೆ. ಬೂರುಗದ ಮರಕ್ಕೆ ಇದು ಸುಮಾರು 0.33 ಗ್ರಾಂ, ತೇಗಕ್ಕೆ 0.6ರ ಆಸುಪಾಸು, ದಿಂಡಿಗಕ್ಕೆ 0.78ರ ಹತ್ತಿರ. ಬೂರುಗದ ಹಲಗೆ ಬೆಂಕಿಪೊಟ್ಟಣದ ಕಡ್ಡಿಗೆ ಹೋದರೆ, ದಿಂಡಿಗ ಗಾಡಿಯ ಅಚ್ಚಿಗೆ, ಗುದ್ದಲಿಯ ಕಾವಿಗೆ ಹೋಗುತ್ತಿತ್ತು. ಬಡಗಿಗೆ ಕೈಯಲ್ಲೇ ಗೊತ್ತಿದ್ದ ವಿಷಯಕ್ಕೆ ವಿಜ್ಞಾನಿ ದಶಮಾಂಶ ಸೇರಿಸಿದ್ದಾನೆ ಅಷ್ಟೆ.

ಈ ಮೂರನ್ನು ತೂಕಕ್ಕೆ ಬದಲಿಸುವ ಸೂತ್ರ ಎಲ್ಲಿಂದ ಬರುತ್ತದೆ? ಮರ ಕಡಿದು! ಬೇರೆ ದಾರಿ ಇರಲಿಲ್ಲ. ಮರವನ್ನು ಉರುಳಿಸುವ ಮೊದಲು ಅಳೆದು, ಕಾಂಡ, ಕೊಂಬೆ, ಎಲೆ ಎಲ್ಲವನ್ನೂ ಬೇರೆ ಮಾಡಿ ತೂಗಿ, ಮಾದರಿ ತುಂಡುಗಳನ್ನು ಒಣಗಿಸಿ ಒಟ್ಟು ಒಣತೂಕ ಕಂಡುಕೊಳ್ಳುತ್ತಾರೆ. ಫ್ರಾನ್ಸ್‌ನ ವಿಜ್ಞಾನಿ ಜೆರೋಮ್ ಶಾವ್ ಮತ್ತು ಸಂಗಡಿಗರು ಉಷ್ಣವಲಯದ 58 ಜಾಗಗಳಲ್ಲಿ ಹೀಗೆ ಕಡಿದು ತೂಗಿದ 4,004 ಮರಗಳ ಮಾಹಿತಿ ಒಟ್ಟುಹಾಕಿ 2014ರಲ್ಲಿ ಒಂದು ಸೂತ್ರ ಪ್ರಕಟಿಸಿದರು. ಜಗತ್ತಿನಾದ್ಯಂತ ಈಗ ಹೆಚ್ಚು ಬಳಕೆಯಲ್ಲಿರುವ ಸೂತ್ರಗಳಲ್ಲಿ ಇದೂ ಒಂದು. ಸಾಂದ್ರತೆ, ವ್ಯಾಸದ ವರ್ಗ, ಎತ್ತರ ಮೂರನ್ನೂ ಗುಣಿಸಿ, ಬಂದದ್ದನ್ನು 0.976ರ ಘಾತಕ್ಕೆ ಏರಿಸಿ, 0.0673ರಿಂದ ಗುಣಿಸಿದರೆ ಮರದ ನೆಲದ ಮೇಲಿನ ಒಣತೂಕ ಕಿಲೋದಲ್ಲಿ ಸಿಗುತ್ತದೆ.

ಒಂದು ಉದಾಹರಣೆ ನೋಡೋಣ. ಸುತ್ತಳತೆ 94 ಸೆಂ.ಮೀ., ಅಂದರೆ ವ್ಯಾಸ 30 ಸೆಂ.ಮೀ. ಇರುವ, 15 ಮೀಟರ್ ಎತ್ತರದ ದಿಂಡಿಗ. ಸೂತ್ರದ ಪ್ರಕಾರ ಒಣತೂಕ ಸುಮಾರು 567 ಕಿಲೋ. ಇಷ್ಟೇ ಗಾತ್ರದ ಬೂರುಗದ ಮರವಾದರೆ 245 ಕಿಲೋ ಮಾತ್ರ. ಜಾತಿ ಗುರುತಿಸುವುದರಲ್ಲಿ ತಪ್ಪಿದರೆ ಲೆಕ್ಕ ಅರ್ಧಕ್ಕರ್ಧ ಹೋಯಿತು. ಬೇಸಿಗೆಯಲ್ಲಿ ಎಲೆಯೂ ಇಲ್ಲದೆ, ಹೂವೂ ಇಲ್ಲದೆ ನಿಂತ ಮರದ ಜಾತಿಯನ್ನು ತೊಗಟೆ ನೋಡಿಯೇ ಹೇಳಬಲ್ಲವರು ಕಾಡಿನಲ್ಲೇ ಬೆಳೆದ ಸ್ಥಳೀಯರು. ಅವರಿಲ್ಲದೆ ಇಂಥ ಅಳತೆ ನಡೆಯುವುದಿಲ್ಲ.

ಒಣತೂಕದಲ್ಲಿ ಶೇ.47ರಷ್ಟು ಇಂಗಾಲ ಎಂದು ಐಪಿಸಿಸಿ ಹಿಡಿಯುತ್ತದೆ. ಹಾಗಾಗಿ ನಮ್ಮ ದಿಂಡಿಗದಲ್ಲಿ ಇರುವುದು 266 ಕಿಲೋ ಇಂಗಾಲ. ಇದನ್ನು ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ತರಲು 44ರಿಂದ ಗುಣಿಸಿ 12ರಿಂದ ಭಾಗಿಸಬೇಕು. ಆಗ 977 ಕಿಲೋ ಆಗುತ್ತದೆ, ಹೆಚ್ಚುಕಡಿಮೆ ಒಂದು ಟನ್. ಸುದ್ದಿಗಳಲ್ಲಿ 'ಇಂಗಾಲ' ಮತ್ತು 'ಇಂಗಾಲದ ಡೈಆಕ್ಸೈಡ್' ಎರಡನ್ನೂ ಒಂದೇ ಎಂಬಂತೆ ಬರೆಯುವುದುಂಟು. ಎರಡರ ನಡುವೆ ಮೂರೂವರೆ ಪಟ್ಟಿಗಿಂತ ಹೆಚ್ಚು ಅಂತರವಿದೆ. ಈ ಲೇಖನದ ಮೊದಲಲ್ಲಿ ಬಂದ 728.5 ಕೋಟಿ ಟನ್ ಇಂಗಾಲದ್ದು, 250ರಿಂದ 300 ಕೋಟಿ ಟನ್ ಡೈಆಕ್ಸೈಡ್‌ನದ್ದು.

ಬೆಳವಣಿಗೆಗಿಂತ ದೊಡ್ಡ ತಪ್ಪು

ಇದೇ ದಿಂಡಿಗ ವರ್ಷಕ್ಕೆ 2 ಮಿಲಿಮೀಟರ್ ದಪ್ಪವಾಗುತ್ತದೆ ಎಂದುಕೊಳ್ಳಿ. ನಾಲ್ಕು ವರ್ಷದಲ್ಲಿ ವ್ಯಾಸ 30ರಿಂದ 30.8 ಸೆಂ.ಮೀ. ಆಗುತ್ತದೆ. ಎತ್ತರ ಹಾಗೆಯೇ ಇದ್ದರೆ ಒಣತೂಕ ಹೆಚ್ಚಿದ್ದು ಸುಮಾರು 30 ಕಿಲೋ. ನಾಲ್ಕು ವರ್ಷದ ಸಂಪಾದನೆ ಇಷ್ಟೇ.

ಈಗ ಎತ್ತರದ ಅಳತೆ ತಪ್ಪಿತು ಅನ್ನೋಣ. ದಟ್ಟವಾದ ಕಡೆ ಮರದ ತುದಿ ಸರಿಯಾಗಿ ಕಾಣುವುದಿಲ್ಲ, 15 ಮೀಟರ್ ಮರವನ್ನು 12 ಎಂದು ಬರೆದುಕೊಳ್ಳುವುದು ಅಪರೂಪವಲ್ಲ. ಆಗ 567 ಕಿಲೋ ಇದ್ದದ್ದು 456 ಕಿಲೋ ಆಗುತ್ತದೆ. ತಪ್ಪು 111 ಕಿಲೋ. ನಾಲ್ಕು ವರ್ಷದ ಬೆಳವಣಿಗೆಯ ಮೂರೂವರೆ ಪಟ್ಟಿಗೂ ಹೆಚ್ಚು!

ಸೂತ್ರ ಬದಲಿಸಿದರೂ ಹೀಗೇ. ಶಾವ್ ಮತ್ತು ಸಂಗಡಿಗರೇ 2005ರಲ್ಲಿ ಒಣಕಾಡಿಗೆಂದು ಪ್ರತ್ಯೇಕ ಸೂತ್ರ ಕೊಟ್ಟಿದ್ದರು. ಅದರಲ್ಲಿ ಇದೇ ಮರ 542 ಕಿಲೋ ತೂಗುತ್ತದೆ. ಹೊಸ ಸೂತ್ರಕ್ಕಿಂತ 25 ಕಿಲೋ ಕಡಿಮೆ. ಮರ ಒಂದಿಂಚೂ ಬೆಳೆಯದೆ, ಕಚೇರಿಯಲ್ಲಿ ಕುಳಿತವರು ಸೂತ್ರ ಬದಲಿಸಿದ ಮಾತ್ರಕ್ಕೆ ಮೂರು ವರ್ಷಕ್ಕೂ ಹೆಚ್ಚಿನ 'ಬೆಳವಣಿಗೆ' ಕಾಗದದ ಮೇಲೆ ಬಂದುಬಿಡುತ್ತದೆ. ಆದ್ದರಿಂದ ಒಂದು ಕಾಡಿನ ಇಂಗಾಲ ಹೆಚ್ಚಾಗಿದೆ ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ: ಎರಡೂ ಸಲ ಅದೇ ಮರಗಳನ್ನು, ಅದೇ ಎತ್ತರದಲ್ಲಿ, ಅದೇ ಋತುವಿನಲ್ಲಿ ಅಳೆದು, ಅದೇ ಸೂತ್ರ ಬಳಸಿದ್ದಾರಾ? ಹಾಗೆ ಮಾಡಿದ್ದರೆ ಒಟ್ಟು ಅಂಕಿಯಲ್ಲಿ ತಪ್ಪಿದ್ದರೂ ವ್ಯತ್ಯಾಸದ ಅಂಕಿಯನ್ನು ಬಹುಮಟ್ಟಿಗೆ ನಂಬಬಹುದು.

ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ದಾರಿ ಸ್ವಲ್ಪ ಬೇರೆ. ಅದು ಜಾತಿವಾರು ಮತ್ತು ಪ್ರದೇಶವಾರು ಸೂತ್ರಗಳಿಂದ ಮೊದಲು ಮರದ ಘನಗಾತ್ರ ಕಂಡುಕೊಂಡು, ಆಮೇಲೆ ಸಾಂದ್ರತೆಯಿಂದ ಗುಣಿಸುತ್ತದೆ. ಮರದ ದಿಮ್ಮಿ ಎಷ್ಟು ಸಿಗುತ್ತದೆ ಎಂದು ತಿಳಿಯಲು ಹುಟ್ಟಿದ ವಿಧಾನವನ್ನು ಇಂಗಾಲಕ್ಕೆ ಹೊಂದಿಸಿಕೊಂಡದ್ದು ಇದು. ಸಣ್ಣ ಕೊಂಬೆ, ಎಲೆ, ಸಣ್ಣ ಮರಗಳ ತೂಕವನ್ನು ಬೇರೆಯಾಗಿ ಸೇರಿಸಬೇಕಾಗುತ್ತದೆ.

ಪೊಟರೆ, ಬಿದಿರು, ಲಂಟಾನ

ಸೂತ್ರಕ್ಕೆ ಮರ ಗಟ್ಟಿಯಾಗಿರುತ್ತದೆ, ನೆಟ್ಟಗಿರುತ್ತದೆ ಎಂಬ ನಂಬಿಕೆ. ಒಣಕಾಡಿನ ಹಳೆಯ ಮರಗಳನ್ನು ತಟ್ಟಿ ನೋಡಿದರೆ ಎಷ್ಟೋ ಮರಗಳು ಒಳಗೆ ಟೊಳ್ಳು. ಗಿಳಿ, ಗೂಬೆ, ಹಾರುಬೆಕ್ಕಿಗೆ ಅದೇ ಮನೆ. ಟೇಪಿಗೆ ಮಾತ್ರ ಹೊರಗಿನ ಸುತ್ತಳತೆಯಷ್ಟೇ ಕಾಣುತ್ತದೆ. ಬೆಂಕಿಯನ್ನು ತಡೆದುಕೊಳ್ಳಲು ಬೆಳೆಸಿಕೊಂಡ ದಪ್ಪ ತೊಗಟೆಯೂ ವ್ಯಾಸದಲ್ಲಿ ಸೇರಿಹೋಗುತ್ತದೆ. ಅರ್ಧ ಕೊಂಬೆಗಳನ್ನು ಆನೆಯೋ ಮೇವಿಗೆಂದು ಜನರೋ ಮುರಿದಿದ್ದರೂ ಸೂತ್ರ ಪೂರ್ತಿ ಮರವನ್ನೇ ಲೆಕ್ಕ ಹಾಕುತ್ತದೆ. ಕಡಿಯದೆಯೇ ಮರದ ಆಕಾರ ತಿಳಿಯುವ ಲೇಸರ್ ಸ್ಕ್ಯಾನರ್ ಈಗ ಬಂದಿದೆ. ಮರದ ಸುತ್ತ ನಾಲ್ಕೈದು ಕಡೆ ಇಟ್ಟು ಸ್ಕ್ಯಾನ್ ಮಾಡಿದರೆ ಕೊಂಬೆ ಕೊಂಬೆಯ ಘನಗಾತ್ರ ಸಿಗುತ್ತದೆ. ಎಲೆ ಉದುರಿದ ಒಣಕಾಡು ಇದಕ್ಕೆ ಹೇಳಿ ಮಾಡಿಸಿದ ಜಾಗ. ಆದರೂ ಒಳಗಿನ ಪೊಟರೆ ಅದಕ್ಕೂ ಕಾಣುವುದಿಲ್ಲ.

ಬಿದಿರು ಇನ್ನೊಂದು ತಲೆನೋವು. ಅದು ಹುಲ್ಲಿನ ಜಾತಿ, ಮರದ ಸೂತ್ರ ಅದಕ್ಕೆ ಹೊಂದುವುದಿಲ್ಲ. ಹೂಬಿಟ್ಟ ವರ್ಷ ಇಡೀ ಬೆಟ್ಟದ ಬಿದಿರು ಒಟ್ಟಿಗೆ ಸಾಯುತ್ತದೆ. ಲಂಟಾನದ ಪೊದೆಗಳ ಕಥೆಯೂ ಹೀಗೆಯೇ. ಕಾಡಿನ ನೆಲ ತುಂಬಿಕೊಂಡಿದ್ದರೂ ಮರದ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಬೆಂಕಿ ಬಿದ್ದಾಗ ಮೊದಲು ಉರಿಯುವುದು ಅದೇ.

ನೆಲದೊಳಗಿನ ಲೆಕ್ಕ ಇನ್ನೂ ಕಷ್ಟ. ಬೇರನ್ನು ಅಗೆದು ತೂಗುವವರು ಕಡಿಮೆ. ಹಾಗಾಗಿ ಅನುಪಾತ ಬಳಸುತ್ತಾರೆ. ಹೆಕ್ಟೇರಿಗೆ 20 ಟನ್‌ಗಿಂತ ಹೆಚ್ಚು ಒಣತೂಕವಿರುವ ಒಣಕಾಡಿನಲ್ಲಿ ಬೇರಿನ ತೂಕ ಮೇಲಿನ ತೂಕದ ಶೇ.28, ಅದಕ್ಕಿಂತ ಕಡಿಮೆ ಇದ್ದರೆ ಶೇ.56 ಎನ್ನುವುದು ಐಪಿಸಿಸಿ 2006ರಲ್ಲಿ ಕೊಟ್ಟ ಲೆಕ್ಕ. ಕಾರಣ ಸರಳ. ಮತ್ತೆ ಮತ್ತೆ ಸುಟ್ಟು, ಕಡಿದು ಹೋದ ಕಡೆ ಮೇಲೆ ಕಾಣುವುದು ಗಿಡ್ಡ ಪೊದೆ, ಕೆಳಗಿರುವುದು ಹಳೆಯ ಮರದ ಬೇರು. ಇನ್ನು ಮಣ್ಣು, ತರಗೆಲೆ, ಬಿದ್ದ ಮರ ಬೇರೆ ಬೇರೆ ಲೆಕ್ಕ. ದೇಶದ ಕಾಡುಗಳ ಒಟ್ಟು ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಮರದಲ್ಲಲ್ಲ, ಮಣ್ಣಿನಲ್ಲಿ.

ಬೆಂಕಿ ಬಿದ್ದರೆ ಇಂಗಾಲ ಕಡಿಮೆಯಾಗುತ್ತದಾ?

2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 4 ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತು. ಅಂಥ ಬೆಂಕಿಯ ನಂತರ ಮರಗಳಲ್ಲಿದ್ದ ಇಂಗಾಲ ಎಷ್ಟು ಹೋಯಿತು ಎಂಬ ಪ್ರಶ್ನೆ ಸಹಜ. ಉತ್ತರ ಮಾತ್ರ ನಿರೀಕ್ಷಿಸಿದಂತೆ ಇರುವುದಿಲ್ಲ.

80 ಸೆಂ.ಮೀ. ವ್ಯಾಸ, 25 ಮೀಟರ್ ಎತ್ತರದ ದೊಡ್ಡ ನಂದಿ ಮರವೊಂದನ್ನು ತೆಗೆದುಕೊಳ್ಳಿ. ಸಾಂದ್ರತೆ 0.6 ಎಂದುಕೊಂಡರೆ ಒಣತೂಕ ಸುಮಾರು 4.9 ಟನ್. ಅದೇ ಸಾಂದ್ರತೆಯ, 5 ಸೆಂ.ಮೀ. ದಪ್ಪದ, 4 ಮೀಟರ್ ಎತ್ತರದ ಎಳೆ ಮರ ತೂಗುವುದು ಮೂರೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು. ಒಂದು ದೊಡ್ಡ ಮರಕ್ಕೆ 1,300ಕ್ಕೂ ಹೆಚ್ಚು ಎಳೆ ಮರ ಸಮ. ಒಣಕಾಡಿನ ನೆಲಬೆಂಕಿ ಕೊಲ್ಲುವುದು ಮುಖ್ಯವಾಗಿ ಎಳೆಯವನ್ನೇ. ದಪ್ಪ ತೊಗಟೆಯ ದೊಡ್ಡ ಮರಗಳು ಹೆಚ್ಚಾಗಿ ಬದುಕುಳಿಯುತ್ತವೆ. ಹಾಗಾಗಿ ಸಾವಿರಾರು ಎಳೆ ಮರಗಳು ಸತ್ತರೂ ಮರಗಳ ಇಂಗಾಲದ ಅಂಕಿ ಅಷ್ಟಾಗಿ ಅಲುಗಾಡುವುದಿಲ್ಲ. ಕಾಡು ಚೆನ್ನಾಗಿದೆ ಎಂದೇ ವರದಿ ಹೇಳುತ್ತದೆ. ನಾಳೆ ಆ ದೊಡ್ಡ ಮರಗಳ ಜಾಗಕ್ಕೆ ಬರಬೇಕಾದವು ಇಲ್ಲ ಎನ್ನುವುದು ಅಂಕಿಯಲ್ಲಿ ಕಾಣುವುದು ದಶಕಗಳ ನಂತರ.

ಮುದುಮಲೆಯಲ್ಲಿ ಬೆಂಡೆ ಮರಕ್ಕೆ ಆದದ್ದನ್ನು ಇಲ್ಲಿ ನೆನೆಯಬೇಕು. ಮೊದಲ ಎಣಿಕೆಯಲ್ಲಿ ಸಾವಿರಾರು ಸಂಖ್ಯೆಯಲ್ಲಿದ್ದ ಈ ಸಣ್ಣ ಮರ, ಆನೆಗಳು ಮುರಿದು ತಿಂದು, ಮೇಲಿಂದ ಮೇಲೆ ಬೆಂಕಿಯೂ ಬಿದ್ದು, ಕೆಲವೇ ವರ್ಷಗಳಲ್ಲಿ ತೀರಾ ಕಡಿಮೆಯಾಯಿತು. ಮರಗಳಿಗೆ ನಂಬರ್ ಹಾಕಿ ಪ್ರತಿ ವರ್ಷ ನೋಡುತ್ತಿದ್ದರಿಂದ ಇದು ತಿಳಿಯಿತು. ಬರೀ ಇಂಗಾಲದ ಟನ್ ಲೆಕ್ಕ ನೋಡುತ್ತಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ದೊಡ್ಡ ಮರದ ಈ ತೂಕ ಇನ್ನೊಂದು ರೀತಿಯಲ್ಲೂ ತೊಂದರೆ ಕೊಡುತ್ತದೆ. ಕಾಡನ್ನೆಲ್ಲ ಅಳೆಯಲಾಗದೆ ಅಲ್ಲಲ್ಲಿ ಸಣ್ಣ ಚೌಕ ಹಾಕಿ ಅಳೆಯುತ್ತಾರೆ. 0.1 ಹೆಕ್ಟೇರಿನ ಚೌಕದೊಳಗೆ ಅಂಥ ಒಂದು ನಂದಿ ಮರ ಬಿದ್ದರೆ ಹೆಕ್ಟೇರಿಗೆ 49 ಟನ್ ಅದೊಂದರಿಂದಲೇ ಸೇರುತ್ತದೆ. ಗೆರೆಯಿಂದ ಒಂದಡಿ ಆಚೆ ಇದ್ದರೆ ಸೊನ್ನೆ. ಆದ್ದರಿಂದ ನಾಲ್ಕು ಚೌಕ ಅಳೆದು ಇಡೀ ಬೆಟ್ಟದ ಲೆಕ್ಕ ಕೊಡುವ ವರದಿಯನ್ನು ಎಚ್ಚರದಿಂದ ಓದಬೇಕು.

ಮೇಲಿನಿಂದ ನೋಡುವ ಕಣ್ಣು

ಉಪಗ್ರಹ ಇಷ್ಟೆಲ್ಲ ಕಷ್ಟ ತಪ್ಪಿಸುವುದಿಲ್ಲವೇ? ಸ್ವಲ್ಪ ಮಟ್ಟಿಗೆ ಹೌದು. ಇಸ್ರೊ ಮತ್ತು ನಾಸಾ ಜೊತೆಗೂಡಿ ಮಾಡಿದ ನಿಸಾರ್ ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. ಅದಕ್ಕೂ ಮೊದಲು ಏಪ್ರಿಲ್‌ನಲ್ಲಿ ಯುರೋಪಿನ 'ಬಯೋಮಾಸ್' ಉಪಗ್ರಹ ಕಕ್ಷೆ ಸೇರಿತ್ತು. ಎರಡೂ ರೇಡಾರ್ ಬಳಸುತ್ತವೆ. ಮೋಡ ಅಡ್ಡಿಯಾಗುವುದಿಲ್ಲ, ಎಲೆಗಳ ಸಂದಿನಿಂದ ಒಳಗೆ ಹೋಗಿ ಕೊಂಬೆ, ಕಾಂಡಗಳಿಂದ ಅಲೆ ಹಿಂದಿರುಗುತ್ತದೆ.

ಯುರೋಪಿನದು ಸುಮಾರು 70 ಸೆಂ.ಮೀ. ಉದ್ದದ ಅಲೆ, ದಟ್ಟ ಮಳೆಕಾಡಿಗೆ ಸೂಕ್ತ. ನಿಸಾರ್‌ನ ಎರಡು ರೇಡಾರ್‌ಗಳಲ್ಲಿ ನಾಸಾದ್ದು ಸುಮಾರು 24 ಸೆಂ.ಮೀ. ಅಲೆಯದು. ಹೆಕ್ಟೇರಿಗೆ 100 ಟನ್ ಒಣತೂಕದವರೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಅದರಾಚೆ ಕಾಡು ಎಷ್ಟು ದಟ್ಟವಾದರೂ ಸಂಕೇತ ಹೆಚ್ಚುಕಡಿಮೆ ಒಂದೇ. ಹಾಗಾಗಿ ಒಣಕಾಡು, ಕುರುಚಲು ಕಾಡುಗಳಿಗೆ ನಿಸಾರ್ ನಿಜಕ್ಕೂ ಉಪಯೋಗದ್ದು. 100 ಟನ್‌ಗಿಂತ ಕಡಿಮೆ ಇರುವ ಕಡೆ ಹೆಕ್ಟೇರಿಗೆ 20 ಟನ್ ಹೆಚ್ಚುಕಡಿಮೆಯೊಳಗೆ ಒಣತೂಕ ಹೇಳಬೇಕು ಎನ್ನುವುದು ಅದಕ್ಕೆ ಇಟ್ಟ ಗುರಿ. ಮಣ್ಣು ಒದ್ದೆಯಾದರೆ ಸಂಕೇತ ಬದಲಾಗುತ್ತದೆ, ಆದ್ದರಿಂದ ಇಲ್ಲೂ ಋತು ನೋಡಿಯೇ ಹೋಲಿಸಬೇಕು.

ಆದರೆ ರೇಡಾರ್ ಕಿಲೋ ಹೇಳುವುದಿಲ್ಲ, ಸಂಕೇತ ಮಾತ್ರ ಕೊಡುತ್ತದೆ. ಇಂಥ ಸಂಕೇತ ಬಂದರೆ ಇಷ್ಟು ಟನ್ ಎಂದು ಅದಕ್ಕೆ ಕಲಿಸಲು ನೆಲದ ಮೇಲೆ ಅಳೆದ ಚೌಕಗಳೇ ಬೇಕು. ಮುದುಮಲೆಯಂಥ ಜಾಗದ ಬೆಲೆ ಉಪಗ್ರಹ ಬಂದ ಮೇಲೆ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.

ಬೆಳಕಿನ ಚಿತ್ರಗಳಿಗೆ ಬೇರೆಯದೇ ತೊಡಕು. ಎಲೆ ಉದುರಿದ ಕಾಡು ಬೇಸಿಗೆಯ ಚಿತ್ರದಲ್ಲಿ ಬಯಲಿನಂತೆ ಕಾಣುತ್ತದೆ. ಅರಣ್ಯ ಸರ್ವೇಕ್ಷಣ ಸಂಸ್ಥೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಚಿತ್ರಗಳನ್ನೇ ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಮೋಡ ಕರಗಿರುತ್ತದೆ, ಎಲೆ ಇನ್ನೂ ಇರುತ್ತದೆ.

ಲೆಕ್ಕದ ಹಿಂದೆ ಹಣ

ಇಷ್ಟು ಸೂಕ್ಷ್ಮವಾಗಿ ನೋಡಬೇಕಾದ ಕಾರಣ ಈಗ ಬಂದಿದೆ. ಇಂಗಾಲದ ಟನ್‌ಗೆ ಬೆಲೆ ಕಟ್ಟುವ ಮಾರುಕಟ್ಟೆಗಳಿವೆ. ಭಾರತ 2023ರಲ್ಲಿ ಇಂಗಾಲ ಕ್ರೆಡಿಟ್ ವಹಿವಾಟು ಯೋಜನೆಯನ್ನೂ, ಹಸಿರು ಕ್ರೆಡಿಟ್ ನಿಯಮಗಳನ್ನೂ ಪ್ರಕಟಿಸಿತು. ಹಸಿರು ಕ್ರೆಡಿಟ್‌ನಲ್ಲಿ ಕಂಪನಿಗಳು ಹಣ ಕೊಟ್ಟು, ಅರಣ್ಯ ಇಲಾಖೆ ಗುರುತಿಸಿದ ಶಿಥಿಲ ಕಾಡಿನಲ್ಲಿ ಗಿಡ ನೆಡಿಸಬಹುದು. ತೆರೆದ ಕಾಡು, ಕುರುಚಲು ಕಾಡುಗಳನ್ನೂ ಈ ಪಟ್ಟಿಯಲ್ಲಿ ಸೇರಿಸಲಾಗಿತ್ತು. ಸರ್ವೇಕ್ಷಣ ಸಂಸ್ಥೆಯ ಲೆಕ್ಕದಲ್ಲಿ ಮರಗಳ ನೆರಳು ನೆಲದ ಶೇ.10ರಿಂದ 40ರಷ್ಟು ಭಾಗ ಮುಚ್ಚಿದ್ದರೆ ತೆರೆದ ಕಾಡು, ಶೇ.10ಕ್ಕಿಂತ ಕಡಿಮೆಯಾದರೆ ಕುರುಚಲು.

ಆಕ್ಷೇಪ ಬಂದದ್ದು ಇಲ್ಲೇ. ಕಡಿದು ಹಾಳಾದ್ದರಿಂದ ತೆರೆದಿರುವ ಕಾಡೂ ಇದೆ, ಮಳೆ ಮತ್ತು ಮಣ್ಣಿನ ಗುಣದಿಂದ ಹುಟ್ಟಿನಿಂದಲೇ ತೆರೆದಿರುವ ಕಾಡೂ ಇದೆ. ಭಾರತದ ಒಣಕಾಡು ಎನಿಸಿಕೊಂಡ ಎಷ್ಟೋ ಪ್ರದೇಶಗಳು ವಾಸ್ತವದಲ್ಲಿ ಮರವಿರುವ ಹುಲ್ಲುಗಾವಲು, ಅಂದರೆ ಸವಾನ್ನಾ ಎಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮೊದಲಾದವರು ಬಹುಕಾಲದಿಂದ ವಾದಿಸುತ್ತ ಬಂದಿದ್ದಾರೆ. ಅಂಥ ಕಡೆ ಹೆಚ್ಚು ಇಂಗಾಲ ಬರಲಿ ಎಂದು ಗಿಡ ತುಂಬಿದರೆ ಹುಲ್ಲು, ಅದನ್ನು ನಂಬಿದ ಪ್ರಾಣಿ, ದನ ಮೇಯಿಸುವ ಜನ ಎಲ್ಲರಿಗೂ ಪೆಟ್ಟು. ನೀಲಗಿರಿ, ಅಕೇಶಿಯದಂಥ ಬೇಗ ಬೆಳೆಯುವ ಮರದ ತೋಪು ಟೇಪಿನ ಅಳತೆಯಲ್ಲಿ ದಿಂಡಿಗದ ಕಾಡನ್ನು ಕೆಲವೇ ವರ್ಷದಲ್ಲಿ ಹಿಂದಿಕ್ಕಬಹುದು. ಅದನ್ನು ಕಡಿದು ಕಾಗದ ಮಾಡಿದ ಮೇಲೆ ಆ ಇಂಗಾಲ ಎಲ್ಲಿರುತ್ತದೆ ಎನ್ನುವುದು ಬೇರೆ ಮಾತು.

2024ರ ಫೆಬ್ರವರಿಯಲ್ಲಿ ಹೊರಬಂದ ಹಸಿರು ಕ್ರೆಡಿಟ್ ವಿಧಾನದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಗಿಡ ಎಂದಿತ್ತು. ಮುದುಮಲೆಯ ಸಹಜ ಕಾಡಿನಲ್ಲಿ, ಬೆರಳು ದಪ್ಪದ ಸಸಿಯಿಂದ ಹಿಡಿದು ದೊಡ್ಡ ನಂದಿಯವರೆಗೆ ಎಲ್ಲ ಸೇರಿ ಸಿಕ್ಕಿದ್ದು 520. ನೆಟ್ಟ ಗಿಡಗಳಲ್ಲಿ ಅನೇಕ ಸಾಯುತ್ತವೆ, ಹಾಗಾಗಿ ಹೆಚ್ಚು ನೆಡುತ್ತಾರೆ ಎನ್ನಬಹುದು. ಆದರೂ ಸಹಜ ಕಾಡಿನ ಎರಡು ಪಟ್ಟು. 2025ರಲ್ಲಿ ಈ ವಿಧಾನ ಬದಲಾಗಿ, ಐದು ವರ್ಷ ಕಳೆದ ನಂತರ, ಮರಗಳ ನೆರಳು ಕನಿಷ್ಠ ಶೇ.40 ತಲುಪಿದರೆ ಮಾತ್ರ ಕ್ರೆಡಿಟ್ ಎಂದಾಯಿತು. ನೆಟ್ಟು ಕೈತೊಳೆದುಕೊಳ್ಳುವುದಕ್ಕಿಂತ ಇದು ಮೇಲು. ಆದರೆ ಶೇ.40 ನೆರಳು ಎಂದೂ ಬಾರದ ಮುಳ್ಳುಕಾಡು, ಕುರುಚಲು ಕಾಡುಗಳನ್ನು ಈ ಅಳತೆಗೋಲಿನಲ್ಲಿ ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.